ಹಾಲು ಬಿಡಿಸಿದ ದಿನ

ಬೆಳಿಗ್ಗೆ ಹತ್ತೂಕಾಲಿಗೆ, ಮೇಲ್ದವಡೆಯ ಮೇಣದಲ್ಲಿ ಕೋರೆಹಲ್ಲೊಂದನ್ನು ಕೂರಿಸುತ್ತಿದ್ದವಳಿಗೆ, ಎಂಟು ದಿನದ ಹಿಂದೆ ಭಾನುವಾರ ತಾನು ತಲೆಯಾಡಿಸಿದ್ದು ಯಾಕೆ ಎಂಬ ಪ್ರಶ್ನೆ ಮತ್ತೆ ಬಂತು. ಮೈಯೊಳಗೆ ಯಾರೋ ದಡದಡ ಮೆಟ್ಟಿಲಿಳಿದ ಹಾಗೆ ಬಂತು. ಕೈ ಮಾತ್ರ ಕೆಲಸ ಬಿಡಲಿಲ್ಲ. ಅದಕ್ಕೆ ಒಂಬತ್ತು ವರ್ಷದ ಅಭ್ಯಾಸ. ಕಾದ ಚಾಕುವಿನ ತುದಿಯಿಂದ ಗುಲಾಬಿ ಮೇಣವನ್ನು ಹಲ್ಲಿನ ಬುಡಕ್ಕೆ ಸವರಿ, ಮೆಲ್ಲಗೆ ಊದಿ, ದವಡೆಯಂತ್ರವನ್ನು ಮುಚ್ಚಿ ತೆರೆದು ನೋಡಿದಳು. ಕಟಕಟ. ಇನ್ನೂ ಹತ್ತು ಹಲ್ಲು ಬಾಕಿ. ಬ್ಯಾಂಡಿನಲ್ಲಿ ತುತ್ತೂರಿ ಊದುವ ಒಬ್ಬ ಮುದುಕನ ಕಟ್ಟುಹಲ್ಲಿನ ಸೆಟ್ಟು ಅದು. ಮುಂದಿನ ನಾಲ್ಕು ಹಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ ಗಾಳಿ ಸೋರಿ ಸ್ವರ ಕೆಡುತ್ತದೆಂದು ಹಲ್ಲಿನ ಡಾಕ್ಟರು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಸಂಜೆ ನಾಲ್ಕಕ್ಕೆ ಬಾಯಿಗೆ ಹಾಕಿ ನೋಡುವುದಕ್ಕೆ ಕಳಿಸಬೇಕು. ಕಾಣದ ಮುದುಕನ ಬಾಯನ್ನು ಕಣ್ಣೆದುರಿಗಿಟ್ಟುಕೊಂಡು ಅವನ ತುಟಿ ಎಲ್ಲಿಗೆ ಬಂದು ಕೂರಬಹುದೆಂದು ಊಹಿಸುವುದು ಅವಳಿಗೆ ಇಷ್ಟದ ಕೆಲಸ. ಇವತ್ತು ಆ ಬಾಯಿಯ ಜಾಗದಲ್ಲಿ ಬೇರೆ ಬಾಯಿ ಬರುತ್ತಿತ್ತು. ಒಂದೂಮುಕ್ಕಾಲು ವರ್ಷದ ಬಾಯಿ. ಹದಿನಾಲ್ಕು ಹಲ್ಲು, ಕೆಳಗಡೆಯ ಎಡಕೋರೆ ಇನ್ನೂ ಒಸಡಿನೊಳಗೆ ಮುಚ್ಚಿಕೊಂಡಿದೆ.

ಆ ಹದಿನಾಲ್ಕು ಹಲ್ಲಿನಿಂದಲೇ ಭಾನುವಾರದ ಮಾತು ಶುರುವಾಗಿತ್ತು. ಮಧ್ಯಾಹ್ನ ಊಟದ ಮೇಜಿನ ಸುತ್ತ ಎಲ್ಲರೂ ಇದ್ದರು: ಅತ್ತೆ, ಗಂಡ, ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದಿಂದ ಬಂದಿದ್ದ, ಗಂಡನ ಅಕ್ಕನಾದ ನಾದಿನಿ, ಆ ನಾದಿನಿಯ ಗಂಡ ಹೆಡ್‌ಮಾಸ್ಟರು. ತಟ್ಟೆ ತೆಗೆದ ಮೇಲೆ, ಗೋಡೆಗೆ ತೇವ ಏರಿರುವುದರ ಬಗ್ಗೆ ಮಾತಾಡುವವರ ಹಾಗೆ, ಅವಳ ಎದೆಯ ಬಗ್ಗೆ ಮಾತಾಡಿದರು. ಅವಳು ಅಲ್ಲೇ ಕೂತಿದ್ದಳು. ಮಗಳು ಚೂಟಿ ಮೇಜಿನ ಕೆಳಗೆ ಹೆಡ್‌ಮಾಸ್ಟರ ಚಪ್ಪಲಿಯ ಪಟ್ಟಿ ಬಿಚ್ಚುತ್ತಿದ್ದಳು. "ಹದಿನಾಲ್ಕು ಹಲ್ಲು ಬಂದಿದೆ. ಬ್ರೆಡ್ಡಿನ ಅಂಚು ಕಚ್ಚಿ ತಿಂತಾಳೆ, ಬಿಸ್ಕತ್ತು ಪುಡಿ ಮಾಡ್ತಾಳೆ, ನನ್ನ ಬೆರಳನ್ನೂ ಬಿಡಲ್ಲ. ಇನ್ನೂ ಯಾತಕ್ಕೆ ಹಾಲು?" ಎಂದರು ಅತ್ತೆ. "ಎಲ್ಲದಕ್ಕೂ ಒಂದು ವಯಸ್ಸು ಅಂತಿರುತ್ತೆ" ಎಂದರು ಹೆಡ್‌ಮಾಸ್ಟರು, ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿಗೆ ಹೇಳುವ ಹಾಗೆ ಅವಳ ತಲೆಯ ಮೇಲಿನ ಗೋಡೆಗೆ. ಡಾಕ್ಟರು ಬೇಕಾದಷ್ಟು ದಿನ ಕುಡಿಸಬಹುದು ಅಂದಿದ್ದಾರೆ, ಮಗುವಿಗೆ ಒಳ್ಳೆಯದು, ಪುಸ್ತಕದಲ್ಲೂ ಇದೆ ಎಂದು ಅವಳು ಶುರುಮಾಡಿದ್ದಳು. ಪುಸ್ತಕ ತರಲು ಅರ್ಧ ಎದ್ದೂ ಇದ್ದಳು. ಆಗ ನಾದಿನಿ, ಕಿತ್ತಳೆ ಹಣ್ಣಿನ ಸಿಪ್ಪೆ ಬಿಡಿಸುತ್ತ, ಕೋಪವೇನೂ ಇಲ್ಲದ ಸ್ವರದಲ್ಲಿ, "ಇದು ಮಗೂಗೆ ಬೇಕಾಗಿರೋದಲ್ಲ ಕಣೇ. ನಿನಗೆ ಬೇಕಾಗಿರೋದು" ಎಂದಳು. ಅರ್ಧ ಎದ್ದವಳು ಕೂತಳು. ಗಂಡ ಮೇಜಿನ ಮೇಲೆ ಚೆಲ್ಲಿದ್ದ ನೀರಿನಲ್ಲಿ ಬೆರಳಿನಿಂದ ಏನೋ ಗೀಚುತ್ತಿದ್ದ. ಅತ್ತೆ ಮಗುವನ್ನು ಕರೆದುಕೊಂಡು ನಾದಿನಿಯ ಮನೆಯಲ್ಲಿ ನಾಲ್ಕು ದಿನ ಇದ್ದುಬಿಡುವುದು, ಅಷ್ಟರಲ್ಲಿ ಮಗು ಮರೆಯುತ್ತದೆ, ಇವಳಿಗೂ ಬತ್ತುತ್ತದೆ ಎಂದು ಆಗಲೇ ತೀರ್ಮಾನವಾಗಿತ್ತು. ಅವಳು ತಲೆಯಾಡಿಸಿದಳು. ಜೇಬಿನಲ್ಲಿ ಕದ್ದ ವಸ್ತು ಸಿಕ್ಕಿದ ಮೇಲೆ ಕಳ್ಳ ತಲೆಯಾಡಿಸುವುದಿಲ್ಲವೇ, ಹಾಗೆ.

ಇವತ್ತು ಬೆಳಿಗ್ಗೆ ಎಂಟಕ್ಕೆ ಟ್ಯಾಕ್ಸಿ ಬಂದಿತ್ತು. ಏಳೂವರೆಗೆ ಕೊನೆಯ ಸಲ ಕುಡಿಸಿದ್ದಳು. ಕೊನೆಯ ಸಲ ಎಂದು ಗಟ್ಟಿಮಾಡಿಕೊಂಡು, ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕೆಂದು ನೋಡುತ್ತ ಕೂತರೆ, ಚೂಟಿ ಮಾತ್ರ ಒಂದು ಕಾಲನ್ನು ಅವಳ ಗಲ್ಲಕ್ಕೆ ಆನಿಸಿ, ಕಿಟಕಿಯಾಚೆ ಯಾವುದೋ ಹಕ್ಕಿ ಹಾರಿದ್ದಕ್ಕೆ ಮೊಲೆಯನ್ನೂ ಬಿಡದೆ ತಿರುಗಿ ನೋಡಿ, ಅವಳನ್ನು ಹಾ ಎಂದು ಕಿರುಚಿಸಿ, ತಾನೂ ಹಾ ಎಂದು ನಕ್ಕುಬಿಟ್ಟಳು. ತುಟಿಯ ಅಂಚಿನಿಂದ ಹಾಲು ಕುತ್ತಿಗೆಗೆ ಇಳಿಯಿತು. ಕೊನೆಯ ಸಲವೆಂಬುದು ಅಷ್ಟೇ ಆಯಿತು. ಟ್ಯಾಕ್ಸಿಯ ಕಿಟಕಿಯಿಂದ ಚೂಟಿ ಟಾಟಾ ಮಾಡಿದಳು, ಅಳಲಿಲ್ಲ. ಅತ್ತೆಯ ಮಡಿಲಲ್ಲಿ ಕೂತು, ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ ಹೋದಳು. ಹಿಂದಿನ ವಾರ ಅತ್ತೆ ಒಂದು ಸಣ್ಣ ಸೀಸೆ ತಂದಿದ್ದರು, ಉಗುರು ಕಚ್ಚುವ ಮಕ್ಕಳ ಬೆರಳಿಗೆ ಹಚ್ಚುವ ಕಹಿ ಔಷಧ. ಇವಳು ಬಚ್ಚಲಿನಲ್ಲಿ ನಿಂತು ಅದನ್ನು ಎದೆಗೆ ಹಚ್ಚಿಕೊಂಡಿದ್ದಳು. ಚೂಟಿ ಬಾಯಿ ಹಾಕಿ, ಮುಖ ಕಿವುಚಿ, ಅವಳ ಮುಖವನ್ನು ದಿಟ್ಟಿಸಿ, ಅಂಗೈಯಿಂದ ಚೆನ್ನಾಗಿ ಒರೆಸಿ, ಮತ್ತೆ ನೋಡಿ, ಮತ್ತೆ ಒರೆಸಿ, ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಕೊಳಕಾದ ಕೈ ತೋರಿಸಿದ್ದಳು. ಅಮ್ಮನಿಗೆ ಏನೋ ಮೆತ್ತಿಕೊಂಡಿದೆ, ಯಾರೂ ಗಮನಿಸಿಲ್ಲ, ತಾನಾದರೂ ತೊಳೆದೆ ಎಂಬ ಹಾಗೆ. ಅತ್ತೆ ಸೀಸೆಯನ್ನು ಕಪಾಟಿನ ಮೇಲಿಟ್ಟು ಹೋಗಿದ್ದರು.

ಹನ್ನೊಂದಕ್ಕೆ ಹಾಲು ಇಳಿಯಿತು. ದಿನವೂ ಇಷ್ಟು ಹೊತ್ತಿಗೆ ಒಂದು ಸಣ್ಣ ಜುಮ್ಮು ಎದ್ದು ಅಡಗುತ್ತಿತ್ತು. ಕೆಲಸದ ದಿನಗಳ ಲೆಕ್ಕ ಮೈಗೆ ಗೊತ್ತಿತ್ತು. ಇವತ್ತು ಅಡಗಲಿಲ್ಲ. ಭುಜದಿಂದ ಸೂಜಿಮೊನೆಗಳ ಸಾಲು ಹೊರಟು ಎರಡೂ ಕಡೆ ಒಟ್ಟಿಗೆ ಧುಮುಕಿದಾಗ ಅವಳು ಚಾಕು ಕೆಳಗಿಟ್ಟು ಮೇಜಿನ ಅಂಚು ಹಿಡಿದಳು. ಹೆದರಿಕೆಯಾಗಬೇಕಿತ್ತು, ಆದದ್ದು ಬೇರೆ. ಭಾನುವಾರದ ಸಭೆಗೆ ಈ ಮೈ ಬಂದೇ ಇರಲಿಲ್ಲವಲ್ಲ! ಅದಕ್ಕೆ ಯಾರೂ ಏನೂ ಹೇಳಿಲ್ಲ, ಅದು ತಲೆಯಾಡಿಸಿಲ್ಲ. ಒಳಗೊಳಗೇ ನಗು ಉಕ್ಕಿ, ಅದನ್ನು ಕೆಮ್ಮಾಗಿ ಮಾಡಿ, ಬಿಳಿ ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡಳು. ಆಗಲೇ ತಡವಾಗಿತ್ತು. ಪಕ್ಕದ ಮೇಜಿನ ಗೆಳತಿ ನೋಡಿಬಿಟ್ಟಿದ್ದಳು. ಹಲ್ಲುಗಳಿಗೆ ಪಿಂಗಾಣಿಯ ಬಣ್ಣ ಕೊಡುವವಳಾದ್ದರಿಂದ ಕಾರ್ಖಾನೆಯಲ್ಲೆಲ್ಲ ಅವಳಿಗೆ ಪಿಂಗಾಣಿ ಎಂದೇ ಹೆಸರು. ಒಂದು ಹಲ್ಲಿನಲ್ಲಿ ಹನ್ನೆರಡು ಬಿಳುಪು ಕಾಣುವ ಕಣ್ಣಿಗೆ ಕೋಟಿನ ಮೇಲಿನ ಎರಡು ಒದ್ದೆ ಚಕ್ರ ತಪ್ಪೀತೆ?

"ಮತ್ತೆ ಶುರುವಾಯ್ತಾ?" ಎಂದಳು ಪಿಂಗಾಣಿ, ಕುಂಚವನ್ನು ತುಟಿಯಲ್ಲಿ ಕಚ್ಚಿಕೊಂಡೇ.

"ಇವತ್ತಿಂದ ಬಿಡಿಸ್ತಿದ್ದಾರೆ."

"ಬಿಡಿಸ್ತಿದ್ದಾರೆ ಅಂದ್ರೆ? ಬಿಡಿಸೋಳು ನೀನು ತಾನೇ?" ಎಂದು ಕುಂಚ ತೆಗೆದಳು. ನಂತರ ದನಿ ಇಳಿಸಿ, "ಸದ್ಯ, ಈಗಲಾದ್ರೂ ಬುದ್ಧಿ ಬಂತಲ್ಲ. ನನ್ನ ಮಗನಿಗೆ ನಾಲ್ಕು ತಿಂಗಳಿಗೇ ಬಿಡಿಸಿದೆ. ಈಗ ನೋಡು, ಬಾಗಿಲಲ್ಲಿ ಹಿಡಿಸಲ್ಲ. ಎರಡು ದಿನ ಬಿಗಿಯಾಗಿ ಬಟ್ಟೆ ಸುತ್ಕೋ, ತಾನಾಗೇ ಬತ್ತೋಗುತ್ತೆ. ಹಾಲಿನ ಡೈರಿ ಮುಚ್ಚಿ ಮತ್ತೆ ಮನುಷ್ಯಳಾಗು ಮಾರಾಯ್ತಿ. ನಾವೆಲ್ಲ ಸಿನಿಮಾಕ್ಕೆ ಹೋಗಿ ಎಷ್ಟು ದಿನ ಆಯ್ತು?" ಎಂದಳು.

ಕೆಟ್ಟ ಮನಸ್ಸಿನ ಮಾತಲ್ಲ ಅದು, ಅದೇ ಕಷ್ಟ. ಹೋದ ತಿಂಗಳು ಇದೇ ಪಿಂಗಾಣಿ ಗೆಳತಿಯರ ಫೋನ್ ಗುಂಪಿನಲ್ಲಿ ಕನ್ನಡಕ ಹಾಕಿದ ಹಸುವಿನ ಚಿತ್ರ ಹಾಕಿ ಅವಳ ಹೆಸರು ಬರೆದಾಗ, ಏಳು ಜನ ನಗುವ ಮುಖ ಒತ್ತಿದ್ದರು. ಅವಳೂ ಒತ್ತಿದ್ದಳು. ಎಂಟನೆಯ ನಗುವ ಮುಖ ತನ್ನದು. ಅದನ್ನು ಒತ್ತಿದ ಹೆಬ್ಬೆರಳಿನಿಂದಲೇ ಈಗ ಮೇಣ ಒತ್ತುತ್ತಿದ್ದಳು. ಬತ್ತೋಗುತ್ತೆ. ಬಾವಿಗೆ ಹೇಳುವ ಮಾತು. ಒಂದು ದಿನ ಅದು ಬತ್ತುವುದು ಅವಳಿಗೂ ಗೊತ್ತು. ಆದರೆ ಯಾರೋ ಮೇಜಿನ ಸುತ್ತ ಕೂತು ಸೋಮವಾರ ಎಂದು ದಿನ ಗೊತ್ತುಮಾಡಿದ್ದಕ್ಕೆ? ಮಗುವಿನ ಬಾಯಿಗಾಗಿ ಒಂಬತ್ತು ತಿಂಗಳು ಹೊತ್ತು ಕಾದು, ಮೊದಲ ವಾರ ಮೊಲೆತೊಟ್ಟು ಬಿರುಕುಬಿಟ್ಟು ರಕ್ತ ಬಂದಾಗ ಹಲ್ಲು ಕಚ್ಚಿ ಕೂತು, ಎಲ್ಲರೂ ಸೀಸೆಹಾಲು ಕೊಟ್ಟುಬಿಡು ಎಂದಾಗ ಗೋಡೆಯ ಕಡೆ ತಿರುಗಿ ಕೂತು, ಇಪ್ಪತ್ತೊಂದನೆಯ ದಿನ ಒಮ್ಮೆಲೇ ನೋವು ನಿಂತು ಮಗು ಗುಟುಕುಗುಟುಕಾಗಿ ನುಂಗುವ ಸದ್ದು ಕೇಳಿಸಿತಲ್ಲ, ಆ ಸದ್ದು... "ಇದೇನಿದು?" ಎಂದರು ಯಾರೋ.

ಯಜಮಾನರು. ಬೆನ್ನ ಹಿಂದೆ ನಿಂತಿದ್ದರು. ಅವರ ಕೆಳದವಡೆ ಸ್ವಲ್ಪ ಮುಂದೆ. ಹಲ್ಲಿನ ಕಾರ್ಖಾನೆಯ ಒಡೆಯನಿಗೆ ಇದು ದೇವರು ಮಾಡಿದ ತಮಾಷೆಯೆಂದು ಎಲ್ಲರೂ ಹೇಳಿಕೊಳ್ಳುತ್ತಿದ್ದರು. ತುತ್ತೂರಿಯವನ ದವಡೆಯನ್ನು ಬೆಳಕಿಗೆ ಎತ್ತಿ ಹಿಡಿದು, "ಬಲಗಡೆ ಕೋರೆ ಎಡಕ್ಕೆ, ಎಡಗಡೇದು ಬಲಕ್ಕೆ. ಇವನು ತುತ್ತೂರಿ ಊದ್ತಾನೋ ಊಳಿಡ್ತಾನೋ?" ಎಂದರು. ಆರು ಮೇಜುಗಳಲ್ಲಿ ಕೆಲಸ ನಿಂತಿತು. ಒಂಬತ್ತು ವರ್ಷದಲ್ಲಿ ಅವಳು ಈ ತಪ್ಪು ಮಾಡಿರಲಿಲ್ಲ. ಕಲಿಯಲು ಬಂದವರು ಮೊದಲ ವಾರ ಮಾಡುವ ತಪ್ಪು. ಯಜಮಾನರ ಕಣ್ಣು ದವಡೆಯಿಂದ ಇಳಿದು, ಅವಳ ಕೋಟಿನ ಮೇಲೆ ನಿಂತು, ಬೆಂಕಿ ತಗುಲಿದ ಹಾಗೆ ಚಾವಣಿಗೆ ಹಾರಿತು. "ಸರಿ ಮಾಡಮ್ಮ, ಸರಿ ಮಾಡು" ಎನ್ನುತ್ತ ಅವರು ಫ್ಯಾನನ್ನು ನೋಡಿಕೊಂಡೇ ಹೋಗಿ ಕುರ್ಚಿಗೆ ಎಡವಿದರು.

ಅವಳು ಎದ್ದು ಕೈ ತೊಳೆಯುವ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ಸದ್ದು ಕೇಳಿಸದಿರಲೆಂದು ನಲ್ಲಿ ಬಿಟ್ಟಳು. ಕಲ್ಲಿನಂತಾಗಿದ್ದ ಎದೆಯನ್ನು ಎರಡು ಬೆರಳಿನಿಂದ ಒತ್ತಿದಾಗ, ಮೊದಲು ಹನಿ, ಆಮೇಲೆ ಎಳೆ, ಆಮೇಲೆ ನಾಲ್ಕೈದು ಎಳೆಗಳು ಬೇರೆ ಬೇರೆ ದಿಕ್ಕಿಗೆ ಚಿಮ್ಮಿ ಕನ್ನಡಿಗೂ ಬಿದ್ದವು. ಬೇಸಿನ್ನಿನ ಉಕ್ಕಿನ ಮೇಲೆ ಬಿಳಿ ಹರಡಿ, ನೀರಿನ ಜೊತೆ ಸುತ್ತಿ, ತೂತಿನೊಳಕ್ಕೆ ಹೋಗುತ್ತಿತ್ತು. ಅಲ್ಲಿ ಕೆಳಗೆ ಪ್ಲಾಸ್ಟರಿನ ಪುಡಿ, ಮೇಣದ ಚೂರು, ಸೋಪಿನ ನೊರೆ. ಅದರ ಜೊತೆ ಇದು. ನೋಡುತ್ತ ನೋಡುತ್ತ ಅಳು ಬರುತ್ತದೆಂದುಕೊಂಡಳು. ಬಂದದ್ದು ಸಿಟ್ಟು, ಸಿಟ್ಟಿನ ಬೆನ್ನಿಗೇ ಒಂದು ವಿಚಿತ್ರ ಸಂಭ್ರಮ, ಪರೀಕ್ಷೆಯಲ್ಲಿ ಬಾರದ ಉತ್ತರ ಗಂಟೆ ಹೊಡೆಯುವ ಮೊದಲು ಹೊಳೆದ ಹಾಗೆ. ಕನ್ನಡಿಯಲ್ಲಿ ಹಾಲು ಹನಿಯುತ್ತಿದ್ದ ಮುಖಕ್ಕೆ ಅವಳು ಗಟ್ಟಿಯಾಗಿ, "ನಿಲ್ಲಿಸಲ್ಲ" ಎಂದಳು.

"ಏನಮ್ಮಾ?" ಎಂದಿತು ಗೋಡೆಯಾಚೆಯಿಂದ ಒಂದು ದನಿ, ಪ್ಲಾಸ್ಟರು ಕಲೆಸುವ ಹೆಂಗಸು.

"ನಿಲ್ಲಿಸಲ್ಲ ಅಂದೆ!"

"ಅಯ್ಯೋ, ನಿಲ್ಲಿಸಮ್ಮಾ ತಾಯೀ, ಟ್ಯಾಂಕಿಯಲ್ಲಿ ನೀರೇ ಇಲ್ಲ!"

ಅವಳು ನಲ್ಲಿ ನಿಲ್ಲಿಸಿದಳು. ನಗು ತಡೆಯಲಾಗದೆ ಬಾಗಿಲಿಗೆ ಒರಗಿದಳು. ಮುಖ ಒರೆಸಿಕೊಂಡು ನೇರ ಯಜಮಾನರ ಗಾಜಿನ ಕೋಣೆಗೆ ಹೋದಳು. ಅರ್ಧ ದಿನ ರಜೆ ಬೇಕೆಂದಳು. ಯಾಕೆ ಎಂದರು ಅವರು, ಫ್ಯಾನಿನ ಕಡೆ ನೋಡುತ್ತ. ಮಗೂಗೆ ಜ್ವರ ಎಂಬ ಸುಳ್ಳು ನಾಲಿಗೆಯ ತುದಿಗೆ ತಾನಾಗಿ ಬಂದಿತ್ತು, ಚೆನ್ನಾಗಿ ಪಳಗಿದ ಸುಳ್ಳು, ಎಷ್ಟೋ ಸಲ ಕೆಲಸಕ್ಕೆ ಬಂದದ್ದು. ಅದನ್ನು ನುಂಗಿ, "ಮಗೂಗೆ ಹಾಲು ಕುಡಿಸಬೇಕು" ಎಂದಳು. ಯಜಮಾನರ ಕಿವಿ ಕೆಂಪಾಯಿತು. ದವಡೆ ಒಂದೆರಡು ಸಲ ಮೇಲೆ ಕೆಳಗೆ ಆಡಿತು. ಕೈ ಹೋಗು ಹೋಗು ಎಂದು ಬೀಸಿತು. ಹೊರಗೆ ಬಂದು ತುತ್ತೂರಿಯವನ ದವಡೆಯನ್ನು ಪಿಂಗಾಣಿಯ ಮೇಜಿನ ಮೇಲಿಟ್ಟಳು. "ನಾಲ್ಕಕ್ಕೆ ಕಳಿಸಬೇಕು. ಕೋರೆ ಬದಲಾಯಿಸು, ಉಳಿದದ್ದು ಕೂರಿಸು, ಮುಂದಿನ ನಾಲ್ಕು ಮುಟ್ಟಬೇಡ, ಅವು ಸರಿಯಾಗಿವೆ." ಪಿಂಗಾಣಿ ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಿನಗೆ ಹುಚ್ಚು. ಹೋಗ್ತಿರೋದು ಅದಕ್ಕೇನಾ?" "ಅದಕ್ಕೇ." "ಒಂದು ದಿನಾನೂ ತಡ್ಕೊಳಕ್ಕಾಗಲ್ವಾ?" "ಆಗುತ್ತೆ. ತಡ್ಕೊಳಲ್ಲ." ಪಿಂಗಾಣಿ ದವಡೆಯನ್ನು ತನ್ನ ಕಡೆ ಎಳೆದುಕೊಂಡಳು. "ನನಗಂತೂ ಸರಿ ಕಾಣಲ್ಲ, ಮುಖದ ಮೇಲೇ ಹೇಳ್ತೀನಿ" ಎಂದು, ದೀಪ ಹೊತ್ತಿಸಿ, ಮೇಣ ಕರಗಿಸತೊಡಗಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಕೋಟನ್ನು ಬಿಚ್ಚಲು ಮರೆತು ಬಂದಿದ್ದಳು. ಎದುರಿನ ಹೆಂಗಸು ಇವಳನ್ನು ಡಾಕ್ಟರೆಂದು ತಿಳಿದು ಮಂಡಿನೋವಿನ ಬಗ್ಗೆ ಕೇಳಿದಾಗ, ನಾನು ಬರೀ ಹಲ್ಲು ಎಂದಳು, ಆ ಹೆಂಗಸು ಬಾಯಿ ತೆರೆದು ಒಂದು ದವಡೆಹಲ್ಲು ತೋರಿಸಿಯೇಬಿಟ್ಟಳು. ಎಲ್ಲವೂ ಇವತ್ತು ಹೀಗೆ ಹತ್ತಿರಕ್ಕೆ ಬರುತ್ತಿತ್ತು, ಬೀದಿ, ಅಂಗಡಿಯ ಫಲಕಗಳು, ಸಿಗ್ನಲ್ಲಿನಲ್ಲಿ ನಿಂತ ಲಾರಿಯ ಮೇಲಿನ ಮಂಚ ಕುರ್ಚಿಗಳು. ಗಂಡನಿಗೆ ಫೋನು ಮಾಡಿದಳು. ಅವನು ಒಳ್ಳೆಯವನು, ಅಕ್ಕನ ಎದುರಿಗೆ ಮಾತ್ರ ಅವನಿಗೆ ಇನ್ನೂ ಎಂಟು ವರ್ಷ. "ನೀನೇ ಒಪ್ಪಿದ್ದೆ ಅಲ್ವಾ?" ಎಂದ. "ಒಪ್ಪಿದ್ದೆ. ಈಗ ಒಪ್ಪಲ್ಲ." "ಅಕ್ಕ ಏನಂದ್ಕೋತಾಳೆ?" "ಅದನ್ನ ಹೋಗಿ ಕೇಳ್ತೀನಿ." "ನಾನೂ ಬರ್ಲಾ?" ಎಂದ, ಬೇಡ ಅನ್ನಲಿ ಎಂಬ ಆಸೆ ಚೆನ್ನಾಗಿ ಕೇಳಿಸುವ ಹಾಗೆ. ಬೇಡ ಎಂದಳು. ಫೋನಿಟ್ಟ ಮೇಲೆ ನಾದಿನಿಯ ಮಾತು ಕಿತ್ತಳೆ ಸಿಪ್ಪೆಯ ವಾಸನೆಯ ಸಮೇತ ಬಂತು. ನಿನಗೆ ಬೇಕಾಗಿರೋದು. ಒಂದು ವಾರದಿಂದ ಅವಳು ಆ ಮಾತನ್ನು ತಿರುಗಿಸಿ ಮುರುಗಿಸಿ ಅದಕ್ಕೆ ಉತ್ತರ ಹುಡುಕುತ್ತಿದ್ದಳು. ಪುಸ್ತಕದಲ್ಲಿ ಹುಡುಕಿದ್ದಳು, ಡಾಕ್ಟರ ಮಾತಿನಲ್ಲಿ ಹುಡುಕಿದ್ದಳು, ಮಗುವಿನ ಮೂಳೆ, ನೆಗಡಿ, ನಿದ್ರೆ ಎಲ್ಲದರಲ್ಲೂ ಹುಡುಕಿದ್ದಳು. ಈಗ ಬಸ್ಸು ಸೇತುವೆ ಹತ್ತಿ ಗಾಳಿ ಒಮ್ಮೆಲೇ ಕಿಟಕಿಯಿಂದ ನುಗ್ಗಿದಾಗ ಉತ್ತರ ಇಷ್ಟೇ ಎಂದು ಕಂಡಿತು: ಹೌದು. ನನಗೂ ಬೇಕು. ದಿನವೆಲ್ಲ ಕಾಣದವರ ಬಾಯಿಗಳನ್ನು ಕಟ್ಟಿ, ಸಂಜೆ ಬಾಗಿಲು ತೆರೆದ ಕೂಡಲೇ ಆ ಒಂದು ಬಾಯಿ ಓಡಿ ಬರುವುದು ನನಗೆ ಇಷ್ಟ. ಆ ಭಾರ ಇಷ್ಟ, ಆ ಗುಟುಕಿನ ಸದ್ದು ಇಷ್ಟ, ಮೂಗು ಒತ್ತಿ ಬಿಡುವ ಬಿಸಿ ಉಸಿರು ಇಷ್ಟ. ಅದರಲ್ಲೇನು ಕಳ್ಳತನ? ಎದುರಿನ ಹೆಂಗಸು ಅವಳ ಮುಖ ನೋಡಿ ಸುಮ್ಮಸುಮ್ಮನೆ ನಕ್ಕಳು, ಇವಳೂ ನಕ್ಕಳು. ಪ್ರಿಯನನ್ನು ನೋಡಲು ಕದ್ದು ಹೊರಟ ಹುಡುಗಿಯಂತೆ ಅವಳಿಗೆ ಸ್ಟಾಪು ಬರುವ ಮೊದಲೇ ಎದ್ದು ನಿಲ್ಲಬೇಕೆನಿಸಿತು, ಎದ್ದು ನಿಂತಳು.

ನಾದಿನಿಯ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದಳು. ಬಾಗಿಲು ತೆಗೆದ ನಾದಿನಿಯ ಮುಖದಲ್ಲಿ ಆಶ್ಚರ್ಯಕ್ಕಿಂತ ಮುಂಚೆ ಮುಗುಳ್ನಗೆ ಬಂತು. "ಬಾ ಬಾ. ನನಗೆ ಗೊತ್ತಿತ್ತು." ನಡುಮನೆಯಲ್ಲಿ, ನೆಲದ ಮೇಲೆ, ಚೂಟಿ ಕೂತಿದ್ದಳು. ಮುಂದೆ ಒಂದು ರಟ್ಟಿನ ಪೆಟ್ಟಿಗೆ, ಸುತ್ತ ಬಟ್ಟೆ ಒಣಗಿಸುವ ಕ್ಲಿಪ್ಪುಗಳು. ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದಳು. ತಲೆಯೆತ್ತಿ ಅಮ್ಮನನ್ನು ನೋಡಿದಳು. "ಮ್ಮ" ಎಂದಳು, ಇದು ಕುರ್ಚಿ ಇದು ಕಿಟಕಿ ಎನ್ನುವ ಹಾಗೆ. ಮತ್ತೆ ಕ್ಲಿಪ್ಪಿಗೆ ಬಾಗಿದಳು.

"ನೋಡಿದ್ಯಾ?" ಎಂದಳು ನಾದಿನಿ. "ಬೆಳಿಗ್ಗೆಯಿಂದ ಒಂದು ಸಲಾನೂ ಕೇಳಿಲ್ಲ. ಬಾಳೆಹಣ್ಣು ತಿಂದ್ಲು, ಮಲಗಿದ್ಲು, ಎದ್ಲು. ನಾನು ಹೇಳಿದ್ದೇನು?"

ಅತ್ತೆ ಸೋಫಾದ ಮೂಲೆಯಲ್ಲಿ ಕೂತು ಏನೋ ಮಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಅವಳು ಬಾಗಿಲಲ್ಲೇ ನಿಂತಳು. ಕೋಟಿನ ಮೇಲೆ ಒಣಗಿದ ಎರಡು ಚಕ್ರ, ಅದರ ಮೇಲೆ ಹೊಸದಾಗಿ ಎರಡು. ಸೇತುವೆಯ ಮೇಲಿನ ಗಾಳಿಯೆಲ್ಲ ಸೋರಿಹೋಯಿತು. ಇಷ್ಟೇ. ನಾಲ್ಕು ಗಂಟೆಯಲ್ಲಿ ಮುಗಿದಿದೆ. ಅವಳು ಕೋರೆಹಲ್ಲು ತಪ್ಪಿಟ್ಟು, ಯಜಮಾನರ ಕಿವಿ ಕೆಂಪು ಮಾಡಿ, ಗಂಡನಿಗೆ ದಬಾಯಿಸಿ, ಮುಕ್ಕಾಲು ಗಂಟೆ ಬಸ್ಸಿನಲ್ಲಿ ಬಂದದ್ದು ಕ್ಲಿಪ್ಪು ಜೋಡಿಸುತ್ತಿರುವ ಒಬ್ಬ ಹುಡುಗಿಗೆ ಅಡ್ಡಿಪಡಿಸಲು. ನಾದಿನಿ ಹೇಳಿದ್ದು ಅಕ್ಷರಶಃ ನಿಜ. ಓಡಿಹೋಗಿ ಎತ್ತಿ ಎದೆಗೆ ಒತ್ತಿಕೊಳ್ಳಬಹುದಿತ್ತು. ಎತ್ತಿದರೆ ಮಗು ಕುಡಿದೇ ಕುಡಿಯುತ್ತದೆ. ಆದರೆ ಹಾಗೆ ಮಾಡಿದರೆ ಅದು ಕದ್ದದ್ದೇ ಆಗುತ್ತದೆ. ಮಗುವಿನಿಂದ ಎರಡು ಮಾರು ದೂರದಲ್ಲಿ ನೆಲದ ಮೇಲೆ ಕೂತಳು. ಕರೆಯಲಿಲ್ಲ. ಚೂಟಿ ಒಂದು ನೀಲಿ ಕ್ಲಿಪ್ಪನ್ನು ಪೆಟ್ಟಿಗೆಗೆ ಹಾಕಿ, ತೆಗೆದು, ಹಳದಿಯದನ್ನು ಹಾಕಿದಳು. ಯಾಕೆ ಎಂದು ಅವಳಿಗೇ ಗೊತ್ತು. ಕುತ್ತಿಗೆಯ ಹಿಂದೆ ಬೆವರಿಗೆ ಅಂಟಿದ ಕೂದಲು, ಕೆಳತುಟಿ ಹೊರಚಾಚಿ ಮಾಡುವ ಆ ಗಮನ. ಇದೇ ಗಮನದಿಂದ ತಾನು ಹಲ್ಲು ಕೂರಿಸುತ್ತೇನಲ್ಲವೇ ಎಂದು ಹೊಳೆದು ಅವಳಿಗೆ ಎಲ್ಲಿಲ್ಲದ ಖುಷಿಯಾಯಿತು. ಕುಡಿಯದಿದ್ದರೂ ಸರಿ. ಬಂದು ನೋಡಿದ್ದಾಯಿತಲ್ಲ. ಹನ್ನೆರಡು ಕ್ಲಿಪ್ಪು ಉಳಿದಿವೆ. ಹನ್ನೊಂದು. ನಾದಿನಿ ಅಡುಗೆಮನೆಯ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಳು, ಪಂದ್ಯ ನೋಡುವವಳ ಹಾಗೆ.

ಕೊನೆಯ ಕ್ಲಿಪ್ಪನ್ನು ಚೂಟಿ ಪೆಟ್ಟಿಗೆಗೆ ಹಾಕಲಿಲ್ಲ. ಹಿಡಿದುಕೊಂಡು ಎದ್ದು, ತೂರಾಡುತ್ತ ಬಂದು, ಎರಡೂ ಕೈಯ ಬಲ ಹಾಕಿ ಅದನ್ನು ಅಮ್ಮನ ತೋಳಿಗೆ ಸಿಕ್ಕಿಸಿದಳು. ಸಿಕ್ಕಿಕೊಂಡಿತೇ ಎಂದು ಎಳೆದು ನೋಡಿದಳು. ಆಮೇಲೆ ಕೋಟಿನ ಒದ್ದೆಯ ಮೇಲೆ ಬೆರಳಿಟ್ಟು, ತಲೆ ವಾರೆ ಮಾಡಿ, "ಬೂ?" ಎಂದಳು. ಅವಳ ಭಾಷೆಯಲ್ಲಿ ಹಾಲಿಗೆ ಅದೇ ಮಾತು. ಈ ಮನೆಯವರೆಲ್ಲ ನೆಂಟರೆದುರು ಮುಚ್ಚಿಹಾಕಲು ಹೆಣಗಿದ ಮಾತು. ದಿನವೂ ಅದು ಹಟ, ಆಜ್ಞೆ, ಕೂಗು. ಇವತ್ತು ಪ್ರಶ್ನೆಯಾಗಿತ್ತು, ಇದೆಯಾ ಎಂದು ಅಂಗಡಿಯಲ್ಲಿ ಕೇಳುವ ಹಾಗೆ.

"ಇದೆ" ಎಂದಳು ಅವಳು. "ಬೇಕಾದಷ್ಟಿದೆ."

"ಒಳಗೆ ಹೋಗು" ಎಂದಳು ನಾದಿನಿ, ದನಿ ಬದಲಾಗಿ. "ಅವರು ಈಗ ಊಟಕ್ಕೆ ಬರ್ತಾರೆ." ಅವಳು ಹೋಗಲಿಲ್ಲ. ಅಲ್ಲೇ, ನಡುಮನೆಯ ಮಧ್ಯೆ, ಕೋಟಿನ ಗುಂಡಿ ಬಿಚ್ಚಿದಳು. ಅಷ್ಟರಲ್ಲಿ ಹೆಡ್‌ಮಾಸ್ಟರು ಹಿಂಬಾಗಿಲಿನಿಂದ ಪತ್ರಿಕೆ ಹಿಡಿದು ಬಂದೇಬಿಟ್ಟರು. ನೋಡಿದರು, ಸರಕ್ಕನೆ ಗೋಡೆಯ ಕಡೆ ತಿರುಗಿ, ಅಲ್ಲಿದ್ದ ಕ್ಯಾಲೆಂಡರನ್ನು ಬಹಳ ಮುಖ್ಯವಾದ್ದೇನೋ ಹುಡುಕುವವರಂತೆ ಓದತೊಡಗಿದರು. "ಚೆನ್ನಾಗಿದ್ದೀರಾ?" ಎಂದಳು ಅವಳು. "ಹೂಂ, ಚೆನ್ನಾಗಿದ್ದೀನಮ್ಮ" ಎಂದರು ಕ್ಯಾಲೆಂಡರಿಗೆ. ಗುಟುಕಿನ ಸದ್ದು ಕೋಣೆಯ ತುಂಬ ಕೇಳಿಸಿತು. ನಾಚಿಕೆಯಾಗುತ್ತದೆಂದು ಕಾದಳು. ಮುಖ ಬಿಸಿಯಾಯಿತು ನಿಜ, ಆದರೆ ಅದರ ಕೆಳಗೆ ಮೈಯೆಲ್ಲ ಹಗುರವಾಗುತ್ತ, ಹಿಗ್ಗುತ್ತ ಹೋಯಿತು. "ಅವತ್ತು ಹೇಳಿದ್ರಲ್ಲ, ನನಗೆ ಬೇಕಾಗಿರೋದು ಅಂತ" ಎಂದಳು ನಾದಿನಿಯ ಕಡೆ ತಿರುಗಿ. "ಹೌದು. ನನಗೂ ಬೇಕು." ಜಗಳಕ್ಕೆ ಎಂದು ಎತ್ತಿಟ್ಟಿದ್ದ ಮಾತನ್ನು ಎದುರಾಳಿಯೇ ಎತ್ತಿಕೊಂಡು ಹೋದರೆ ಏನು ಮಾಡುವುದು? "ನಾಚಿಕೆ ಅನ್ನೋದು ಇರಬೇಕು ಮನುಷ್ಯರಿಗೆ" ಎಂದಷ್ಟೇ ಅಂದು, ನಾದಿನಿ ಗಂಡನ ತೋಳು ಹಿಡಿದು, ಕ್ಯಾಲೆಂಡರಿನಿಂದ ಬಿಡಿಸಿ ಕೋಣೆಗೆ ಕರೆದೊಯ್ದಳು.

ಅತ್ತೆ ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ಮಗುವನ್ನು ಸೊಂಟಕ್ಕೇರಿಸಿ ಅಡುಗೆಮನೆಗೆ ಹೋದಾಗ, ಅವರು ಸಿಂಕಿನ ಮುಂದೆ ಬೆನ್ನು ಮಾಡಿ ನಿಂತು, ತೊಳೆದ ಲೋಟವನ್ನೇ ತೊಳೆಯುತ್ತಿದ್ದರು.

"ಅತ್ತೆ, ನಾನು ನಿಲ್ಲಿಸಲ್ಲ."

"ಕಂಡಿತಲ್ಲ." ಲೋಟ ಬೋರಲಿಟ್ಟರು. ಈ ಕಡೆ ತಿರುಗದೆ, "ಕೇಳಿಲ್ಲ ಅಂದದ್ದು ಸುಳ್ಳು" ಎಂದರು. "ಹನ್ನೊಂದು ಗಂಟೆಗೆ ಕೇಳಿದ್ಲು. ಮಗಳು ಸ್ನಾನಕ್ಕೆ ಹೋಗಿದ್ಲು, ಅವಳಿಗೆ ಗೊತ್ತಿಲ್ಲ."

"ಅತ್ಲಾ?"

"ಅತ್ತಿದ್ರೆ ಚೆನ್ನಾಗಿತ್ತು. ಬಂದು ನನ್ನ ತೊಡೆ ಮೇಲೆ ಕೂತ್ಲು. ನನ್ನ ರವಿಕೆ ಗುಂಡಿ ಬಿಚ್ಚಿದ್ಲು, ಎರಡು. ಬಗ್ಗಿ ಒಳಗೆ ನೋಡಿದ್ಲು. ಏನು ಕಾಣ್ತೋ. ನನ್ನ ಮುಖ ನೋಡಿದ್ಲು. ಆಮೇಲೆ..." ಅತ್ತೆ ತಿರುಗಿದರು. ಕಣ್ಣು ಕೆಂಪಾಗಿತ್ತು. "ಆಮೇಲೆ ಮತ್ತೆ ಗುಂಡಿ ಹಾಕೋಕೆ ನೋಡಿದ್ಲು. ಪಾಪ, ಬರಲ್ಲ ಅವಳಿಗೆ. ಹಾಕೋಕೆ ನೋಡಿದ್ಲು, ನೋಡಿದ್ಲು, ಆಗಲಿಲ್ಲ, ಬಟ್ಟೆ ಎಳೆದು ಮುಚ್ಚಿ ಹೋದ್ಲು. ಯಾರದೋ ಮನೆ ಬಾಗಿಲು ತಪ್ಪಿ ತೆಗೆದೋರು ಮುಚ್ಚಿ ಹೋಗ್ತಾರಲ್ಲ, ಹಾಗೆ."

ಚೂಟಿ ಅಜ್ಜಿಯ ಮೂಗಿನ ಕಡೆ ಕೈ ಚಾಚಿದಳು.

"ದಿನವಿಡೀ ನಾನು ಎತ್ತಿ ಆಡಿಸ್ತೀನಿ" ಎಂದರು ಅತ್ತೆ. "ತಿನ್ನಿಸ್ತೀನಿ, ತೊಳೀತೀನಿ, ಅವಳ ಹಿಂದೆ ಓಡಿ ಓಡಿ ಮಂಡಿ ಹೋಗಿದೆ. ಸಂಜೆ ನೀನು ಬಾಗಿಲು ತಳ್ಳೋದೇ ತಡ, ನಾನು ಗೋಡೆ. ಒಂದು ಸಲ ತಿರುಗಿ ನೋಡಲ್ಲ. ಅವಳು ಹಾಲು ಬಿಟ್ರೆ ನಾವಿಬ್ಬರೂ ಸಮ ಆಗ್ತೀವಿ ಅಂದ್ಕೊಂಡಿದ್ದೆ. ಸಣ್ಣ ಬುದ್ಧಿ ಅನ್ನು."

ಭಾನುವಾರದ ಮೇಜಿನ ಸುತ್ತ ಹಲ್ಲಿನ ಬಗ್ಗೆ, ವಯಸ್ಸಿನ ಬಗ್ಗೆ ಅಷ್ಟೆಲ್ಲ ಮಾತು ಬಂದಿತ್ತು. ಇದೊಂದು ಬಂದಿರಲಿಲ್ಲ. ಬಾಗಿಲು ತಳ್ಳಿದ ಆ ಸಂಜೆಗಳಲ್ಲಿ ತಾನೂ ಮಗುವಿನ ತಲೆಯಾಚೆಗೆ ಒಮ್ಮೆಯೂ ನೋಡಿರಲಿಲ್ಲವೆಂಬುದು ಅವಳಿಗೆ ಚುರ್ರೆಂದಿತು. "ನನಗದು ಇಷ್ಟ ಅತ್ತೆ" ಎಂದಳು, ತಪ್ಪೊಪ್ಪಿಗೆಯಂತೆಯೂ ಅಲ್ಲದೆ, ವಾದದಂತೆಯೂ ಅಲ್ಲದೆ.

"ಅದನ್ನ ಮೊದಲೇ ಹೇಳೋದಲ್ವಾ? ಡಾಕ್ಟರು, ಪುಸ್ತಕ ಅಂತ ಪಾಠ ಮಾಡಿದ್ಯಲ್ಲ!"

"ಹೇಳಿದ್ರೆ ಒಪ್ತಿದ್ರಾ?"

ಅತ್ತೆ ಯೋಚಿಸಿದರು. "ಇಲ್ಲ" ಎಂದರು. "ಆದ್ರೆ ಜಗಳ ಆದ್ರೂ ಸರಿಯಾಗಿ ಆಡ್ತಿದ್ವಿ."

ಮೊದಲು ನಕ್ಕದ್ದು ಯಾರೋ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು, ಕೋಣೆಯಲ್ಲಿದ್ದವರಿಗೆ ಕೇಳಿಸದಿರಲೆಂದು ಮೈ ಕುಲುಕಿಸಿಕೊಂಡು ನಕ್ಕರು. ಯಾಕೆಂದು ತಿಳಿಯದೆ ಚೂಟಿಯೂ ಹದಿನಾಲ್ಕು ಹಲ್ಲು ತೋರಿಸಿದಳು.

ಆದರೆ ಹೊರಡುವಾಗ ಅತ್ತೆ ಬರುವುದಿಲ್ಲವೆಂದರು. ಮುಖ ಮತ್ತೆ ಬಿಗಿಯಾಗಿತ್ತು. ನಕ್ಕದ್ದಕ್ಕೆ ಪಶ್ಚಾತ್ತಾಪ ಪಡುವವರ ಹಾಗೆ. "ನಾಲ್ಕು ದಿನಕ್ಕೆ ಅಂತ ಬಟ್ಟೆ ತಂದಿದ್ದೀನಿ, ಇದ್ದೇ ಬರ್ತೀನಿ. ನೀವಿಬ್ರೂ ಹೋಗಿ. ಅವಳು ಅದನ್ನಂತೂ ಮರೆಯಲ್ಲ, ನನ್ನನ್ನ ಮರೀತಾಳೋ ಇಲ್ವೋ ನೋಡೇಬಿಡೋಣ." "ನಾಳೆ ನಾನು ಕೆಲಸಕ್ಕೆ ಹೋಗಬೇಕಲ್ಲ ಅತ್ತೆ?" "ಕರ್ಕೊಂಡು ಹೋಗು. ಹೇಗೂ ಅಲ್ಲೂ ಹಲ್ಲೇ ತಾನೇ" ಎಂದು ಸೋಫಾದಲ್ಲಿ ಗಟ್ಟಿಯಾಗಿ ಕೂತುಬಿಟ್ಟರು.

ಅವಳು ಮಗುವಿನ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು. ಗೇಟಿನವರೆಗೂ ಚೂಟಿ ಕುಣಿಯುತ್ತ ಬಂದಳು. ಗೇಟು ಮುಚ್ಚಿದ ಸದ್ದಿಗೆ ಹಿಂದೆ ತಿರುಗಿ ನೋಡಿದಳು. ಬೀದಿ ನೋಡಿದಳು. ಮತ್ತೆ ಹಿಂದೆ ನೋಡಿದಳು. "ಜ್ಜಿ?" ಎಂದಳು. ಅಜ್ಜಿ ಆಮೇಲೆ ಬರ್ತಾರೆ ಎಂದು ಅವಳು ಹೇಳುವಷ್ಟರಲ್ಲಿ ಮಗು ಬೆನ್ನು ಬಿಲ್ಲಾಗಿ ಬಗ್ಗಿಸಿ, ಬೀದಿಯ ಎರಡೂ ಕಡೆಯ ಕಿಟಕಿಗಳು ತೆರೆಯುವ ಹಾಗೆ ಕಿರುಚಿತು. ಬೆಳಿಗ್ಗೆ ತನ್ನನ್ನು ಬಿಟ್ಟು ಹೋಗುವಾಗ ಒಂದು ಹನಿ ಬರದ ಕಣ್ಣಲ್ಲಿ ಈಗ ಧಾರೆ. ಅವಳು ಪಾದಚಾರಿ ಕಟ್ಟೆಯ ಮೇಲೆ ಕೂತಳು, ತಡಬಡಿಸುತ್ತ ಗುಂಡಿ ಬಿಚ್ಚಿದಳು, "ಬಾ, ಬೂ, ಬೂ ಬೇಕಾ?" ಎಂದಳು. ಚೂಟಿ ಅದನ್ನು ಅಂಗೈಯಿಂದ ಆಚೆ ತಳ್ಳಿದಳು. "ಜ್ಜೀ! ಜ್ಜೀ!" ಈ ಲೋಕದಲ್ಲಿ ಯಾರಿಂದಲೂ ಆಗದ ಕೆಲಸ, ಭಾನುವಾರದ ಸಭೆಯಿಂದಲೂ ಕಹಿ ಔಷಧದಿಂದಲೂ ಆಗದ್ದು, ಒಂದು ಗಳಿಗೆಯಲ್ಲಿ ಆಗಿಹೋಗಿತ್ತು. ಬೀದಿಯಲ್ಲಿ ಎದೆ ತೆರೆದು, ಮಗುವಿನಿಂದ ತಳ್ಳಿಸಿಕೊಂಡು ಕೂತ ಅವಳಿಗೆ ನೋವೂ ಆಗಿ, ಅದಕ್ಕಿಂತ ಹೆಚ್ಚು ನಗುವೂ ಬಂದು, "ಅತ್ತೇ!" ಎಂದು ಮಗುವಿಗಿಂತ ಗಟ್ಟಿಯಾಗಿ ಕೂಗಿದಳು. "ಅತ್ತೇ, ಸೋತೆವು! ಬನ್ನಿ!"

ಮಹಡಿಯ ಕಿಟಕಿಯ ಪರದೆ ಆಗಲೇ ಸರಿದಿತ್ತು. ಆ ಮುಖ ಕಲ್ಲಾಗಿರಲು ಪ್ರಯತ್ನಪಟ್ಟದ್ದು ಕೆಳಗಿನಿಂದಲೂ ಕಂಡಿತು. ಮುಖ ಮಾಯವಾಯಿತು. ಮೆಟ್ಟಿಲ ಮೇಲೆ ಧಡಧಡ ಸದ್ದು. ಒಂದು ಕಾಲಿಗೆ ತಮ್ಮ ಚಪ್ಪಲಿ, ಇನ್ನೊಂದಕ್ಕೆ ಹೆಡ್‌ಮಾಸ್ಟರದು. ಬಟ್ಟೆಯ ಚೀಲದ ಬಾಯಿ ಮುಚ್ಚದೆ, ಅದರಿಂದ ಟವೆಲ್ಲೊಂದು ನೇತಾಡುತ್ತ, ಅತ್ತೆ ಗೇಟು ದೂಡಿ ಬಂದರು. "ಏನೇ ನಿನ್ನ ರಂಪ, ಊರು ಒಂದು ಮಾಡ್ತೀಯಾ?" ಎಂದು ಬೈಯುತ್ತಲೇ ಮಗುವನ್ನು ಕಸಿದುಕೊಂಡರು. ಚೂಟಿ ಅವರ ಕುತ್ತಿಗೆಗೆ ಮುಖ ಒತ್ತಿ, ಎರಡು ಬಿಕ್ಕಿ, ಸುಮ್ಮನಾದಳು. ಅತ್ತೆ ಸೊಸೆಯ ಕಡೆ ನೋಡಿದರು. ಅಷ್ಟು ಹೆಮ್ಮೆಯನ್ನು ಅವಳು ಆ ಮುಖದಲ್ಲಿ ಹಿಂದೆಂದೂ ನೋಡಿರಲಿಲ್ಲ. "ಗುಂಡಿ ಹಾಕ್ಕೊಳ್ಳೇ, ಬಸ್ಸು ಬರುತ್ತೆ" ಎಂದು ಹೇಳಿ, ಟವೆಲ್ಲು ನೇತಾಡುವ ಚೀಲವನ್ನು ಅವಳ ಕೈಗೆ ತುರುಕಿ, ಮಗುವನ್ನು ಎತ್ತಿಕೊಂಡು, ಜೋಡಿಯಲ್ಲದ ಎರಡು ಚಪ್ಪಲಿಯಲ್ಲಿ ಟಪ್ಪು ಟುಪ್ಪು ಸದ್ದು ಮಾಡುತ್ತ ಮುಂದೆ ಮುಂದೆ ನಡೆದರು. ಅವಳು ಎರಡು ಚೀಲ ಹೊತ್ತು ಹಿಂದೆ ಓಡಿದಳು. ದೂರದಲ್ಲಿ ಬಸ್ಸು ತಿರುಗುತ್ತಿತ್ತು.